ರ‍್ಯಾಂಡಿ ರೋಡ್ಸ್ ಗಿಟಾರು ಮತ್ತು ಒಂದು ಆಲ್ಬಮ್‌ನ ಮೂರು ಜನ್ಮ



ಇಂದು ನಾನು ಮಾತಾಡಬೇಕೆಂದಿರುವುದು ಒಂದು ಹೆವಿ ಮೆಟಲ್ ಆಲ್ಬಮ್ ಕುರಿತು. ಓಝಿ ಆಸ್ಬೋರ್ನ್ ಹಾಡಿ, ರ‍್ಯಾಂಡಿ ರೋಡ್ಸ್ ಗಿಟಾರ್ ನುಡಿಸಿದ ಆ ಆಲ್ಬಮ್ಮಿನ ಹೆಸರು 'ಬ್ಲಿಝರ್ಡ್ ಆಫ್ ಓಝ್'. ಇಂಗ್ಲೆಂಡಿನಲ್ಲಿ ಅದು ಬಿಡುಗಡೆಯಾದದ್ದು 1980ರ ಸೆಪ್ಟೆಂಬರಿನಲ್ಲಿ. ಮುಂದೆ 2002ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ ಅದು ಮರುಬಿಡುಗಡೆ ಕಂಡಿತು. ಹಾಡುಗಳು ಅವೇ. ದನಿಯೂ ಅದೇ, ಗಿಟಾರೂ ಅದೇ. ಆದರೂ 2002ರ ಆವೃತ್ತಿ ಕೇಳಿದ ಹಳೆಯ ಅಭಿಮಾನಿಗಳು ಸಿಟ್ಟಾದರು, 2011ರದ್ದು ಬಂದಾಗ ಸಮಾಧಾನಗೊಂಡರು. ಈ ಸಿಟ್ಟು, ಈ ಸಮಾಧಾನ ಎರಡಕ್ಕೂ ಕಾರಣವಿದೆ. ಆ ಕಾರಣ ತಿಳಿದರೆ ಗಿಟಾರ್ ವಾದನ ಎಂದರೇನು, ಹಳೆಯ ಧ್ವನಿಮುದ್ರಣವನ್ನು ಹೇಗೆ ಕಾಪಾಡಬೇಕು ಎಂಬ ಎರಡೂ ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ.

ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗಾಗಿ ಮೊದಲು ನಾಲ್ಕು ಮಾತು. ಈ ಸಂಗೀತ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಕಾರ್ಖಾನೆಗಳ ನಡುವೆ. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬಲಗೈ ಬೆರಳುಗಳು. ಆತ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ತೊಡಿಸುವ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಬಿಗಿದ. ಮುಂದಿನ ವರ್ಷಗಳಲ್ಲಿ ಶ್ರುತಿಯನ್ನೂ ಇಳಿಸಿದ. ಹೀಗೆ ರೂಪುಗೊಂಡ ಭಾರವಾದ, ಮಂದ್ರದ ಗಿಟಾರ್ ದನಿಯೇ ಬ್ಲ್ಯಾಕ್ ಸಬ್ಬಾತ್ ತಂಡದ ಬೆನ್ನೆಲುಬು. 1970ರ ಫೆಬ್ರವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್ಮನ್ನೇ ಹೆವಿ ಮೆಟಲ್‌ನ ಆರಂಭ ಎಂದು ಹಲವರು ಗುರುತಿಸುತ್ತಾರೆ. ಆ ತಂಡದ ಗಾಯಕ ಓಝಿ ಆಸ್ಬೋರ್ನ್.

1979ರಲ್ಲಿ ಕುಡಿತ ಮತ್ತು ಮಾದಕ ವ್ಯಸನಗಳ ಕಾರಣದಿಂದ ತಂಡ ಓಝಿಯವರನ್ನು ಹೊರಹಾಕಿತು. ಅವರ ಕಾಲ ಮುಗಿಯಿತು ಎಂದೇ ಎಲ್ಲರೂ ತಿಳಿದರು. ಹೊಸ ತಂಡ ಕಟ್ಟಲು ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ವಾದಕನನ್ನು ಹುಡುಕುತ್ತಿದ್ದಾಗ ಸಿಕ್ಕವರು ರ‍್ಯಾಂಡಿ ರೋಡ್ಸ್. ಆಗ ಅವರಿಗೆ ಇಪ್ಪತ್ತೆರಡು ವರ್ಷ.

ರೋಡ್ಸ್ ಹುಟ್ಟಿದ್ದು 1956ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ತಾಯಿ ಡೆಲೋರಿಸ್ ರೋಡ್ಸ್ ಸಂಗೀತ ಶಿಕ್ಷಕಿ. ನಾರ್ತ್ ಹಾಲಿವುಡ್‌ನಲ್ಲಿ 'ಮ್ಯುಸೋನಿಯಾ' ಎಂಬ ಸಂಗೀತ ಶಾಲೆ ನಡೆಸುತ್ತಿದ್ದರು. ಮಗ ಅಲ್ಲಿಯೇ ಸ್ವರ ಓದಲು, ಬರೆಯಲು ಕಲಿತದ್ದು, ಶಾಸ್ತ್ರೀಯ ಗಿಟಾರಿನ ಪಾಠ ಪಡೆದದ್ದು. 'ಕ್ವಯಟ್ ರಯಟ್' ಎಂಬ ತಂಡ ಕಟ್ಟಿಕೊಂಡು ಊರಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದ ದಿನಗಳಲ್ಲೂ ರೋಡ್ಸ್ ತಾಯಿಯ ಶಾಲೆಯಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿದ್ದರು. ಸಾಲುಸಾಲಾಗಿ ಬರುವ ವಿದ್ಯಾರ್ಥಿಗಳಿಗೆ ದಿನವಿಡೀ ಪಾಠ ಹೇಳುವವನಿಗೆ ತನ್ನ ಬೆರಳು ಏನು ಮಾಡುತ್ತಿದೆ ಎಂಬುದರ ಅರಿವು ಇರಲೇಬೇಕು. ನುಡಿಸಿದ್ದನ್ನು ಬಿಡಿಸಿ ತೋರಿಸಬೇಕು, ಅದನ್ನೇ ಮತ್ತೊಮ್ಮೆ ಹಾಗೆಯೇ ನುಡಿಸಬೇಕು. ರೋಡ್ಸ್ ವಾದನದ ಗುಟ್ಟು ಅರ್ಧ ಇಲ್ಲಿದೆ ಎಂದು ನನ್ನ ನಂಬಿಕೆ.

1980ರ ವಸಂತದಲ್ಲಿ ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನ ರಸ್ಪರ್ ಎಂಬ ಹಳ್ಳಿಯ ಹತ್ತಿರ, ರಿಡ್ಜ್ ಫಾರ್ಮ್ ಎಂಬ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಬೇಸ್ ಗಿಟಾರಿಗೆ ಆಸ್ಟ್ರೇಲಿಯಾದ ಬಾಬ್ ಡೇಸ್ಲಿ. ಅವರು ಅದಕ್ಕೆ ಮುಂಚೆ 'ರೇನ್‌ಬೋ' ತಂಡದಲ್ಲಿದ್ದವರು. ಈ ಆಲ್ಬಮ್ಮಿನ ಸಾಹಿತ್ಯದ ಬಹುಭಾಗ ಬರೆದವರೂ ಅವರೇ. ಡ್ರಮ್ಸ್‌ಗೆ 'ಯುರಾಯಾ ಹೀಪ್' ತಂಡದಿಂದ ಬಂದ ಲೀ ಕರ್ಸ್‌ಲೇಕ್. ಕೀಬೋರ್ಡಿಗೆ ಡಾನ್ ಏರಿ. ಧ್ವನಿಮುದ್ರಣದ ಎಂಜಿನಿಯರ್ ಮ್ಯಾಕ್ಸ್ ನಾರ್ಮನ್. ಹೆಸರುಗಳನ್ನು ಹೀಗೆ ಒಂದೊಂದಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಇವರಲ್ಲಿ ಇಬ್ಬರ ವಾದನವೇ ಮುಂದೆ ಆಲ್ಬಮ್ಮಿನಿಂದ ಅಳಿಸಿಹೋಗಲಿತ್ತು.

ಈಗ ಗಿಟಾರಿಗೆ ಬರೋಣ. ರೋಡ್ಸ್ ಕೈಯಲ್ಲಿದ್ದದ್ದು ಬಿಳಿ ಬಣ್ಣದ, 1974ರ ಗಿಬ್ಸನ್ ಲೆಸ್ ಪಾಲ್ ಕಸ್ಟಮ್. ಅದರ ಜೊತೆಗೆ ಕಾರ್ಲ್ ಸ್ಯಾಂಡೋವಲ್ ಎಂಬ ಕುಶಲಕರ್ಮಿ ಮಾಡಿಕೊಟ್ಟ, ಮೈತುಂಬ ಬಿಳಿ ಚುಕ್ಕಿಯಿದ್ದ 'ವಿ' ಆಕಾರದ ಇನ್ನೊಂದು ಗಿಟಾರ್. ನೂರು ವ್ಯಾಟ್‌ನ ಮಾರ್ಷಲ್ ಆಂಪ್ಲಿಫಯರ್, ಅದರ ಮುಂದೆ ದನಿಯನ್ನು ಒಡೆದು ಗಡುಸಾಗಿಸುವ ಒಂದು ಪುಟ್ಟ ಡಿಸ್ಟಾರ್ಷನ್ ಪೆಡಲ್. ಇಂಥ ಸಲಕರಣೆ ಆ ಕಾಲದ ನೂರಾರು ವಾದಕರಲ್ಲಿ ಇತ್ತು. ಅದರಿಂದ ರೋಡ್ಸ್ ಏನು ಮಾಡಿದರು ಎಂಬುದು ಮುಖ್ಯ.

ಆಲ್ಬಮ್ಮಿನ ಎರಡನೆಯ ಹಾಡು 'ಕ್ರೇಜಿ ಟ್ರೇನ್'. ಹೆವಿ ಮೆಟಲ್ ಗೊತ್ತಿಲ್ಲದವರೂ ಎಲ್ಲೋ ಒಂದು ಕಡೆ ಇದರ ಗಿಟಾರ್ ಮೊದಲಸಾಲನ್ನು ಕೇಳಿರುತ್ತಾರೆ. ರಿಫ್ ಎಂದು ಕರೆಯುವ, ಮತ್ತೆ ಮತ್ತೆ ಮರಳುವ ಆ ಸ್ವರಗುಚ್ಛ ಎಫ್ ಶಾರ್ಪ್ ಮೈನರ್‌ನಲ್ಲಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಎಫ್ ಶಾರ್ಪನ್ನು ಷಡ್ಜವಾಗಿ ಇಟ್ಟುಕೊಂಡರೆ ಬರುವುದು ನಠಭೈರವಿಯ ಸ್ವರಗಳು. ರಿಫ್ ಷಡ್ಜವನ್ನು ಬಿಡದೆ ಹಿಡಿದು, ನಡುನಡುವೆ ಪಂಚಮವನ್ನೂ ಶುದ್ಧ ಧೈವತವನ್ನೂ ಮುಟ್ಟಿ ಮುಟ್ಟಿ ಬರುತ್ತದೆ. ಆಮೇಲೆ ಮಧ್ಯಮ, ಗಾಂಧಾರ, ರಿಷಭಗಳಲ್ಲಿ ಒಮ್ಮೆ ಓಲಾಡಿ ಮಂದ್ರದ ನಿಷಾದಕ್ಕೆ ಇಳಿಯುತ್ತದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಕೇಳುಗನ ಕಿವಿಯಲ್ಲಿ ಆಧಾರ ಷಡ್ಜ ಭದ್ರವಾಗಿ ಕೂರುತ್ತದೆ.

ಹಾಡು ಶುರುವಾದ ಕೂಡಲೇ ಒಂದು ಬದಲಾವಣೆ. ರೋಡ್ಸ್ ಐದನೆಯ ತಂತಿಯನ್ನು ಬೆರಳೊತ್ತದೆ ಖಾಲಿ ಬಿಟ್ಟು, ಬಲ ಅಂಗೈಯ ಅಂಚನ್ನು ತಂತಿಗಳನ್ನು ಹೊರುವ ಬ್ರಿಡ್ಜಿನ ಹತ್ತಿರ ತಂತಿಗೆ ತಾಗಿಸಿ, ಒಂದೇ ಸಮನೆ ಮೀಟುತ್ತಾರೆ. ಇದನ್ನು ಪಾಮ್ ಮ್ಯೂಟಿಂಗ್ ಎನ್ನುತ್ತಾರೆ. ದನಿ ಹರಡದೆ, ಗಟ್ಟಿ ನೆಲದ ಮೇಲೆ ಬಡಿದಂತೆ ಕುಳಿತುಬಿಡುತ್ತದೆ. ಆ ಖಾಲಿ ತಂತಿ ಎ ಸ್ವರ. ಈಗ ಷಡ್ಜ ಅಲ್ಲಿಗೆ ಹೋಯಿತು. ಮೇಲುಗಡೆ ಮೂರು ತಂತಿಗಳಲ್ಲಿ ಹೊಳೆಯುವ, ಹಲವು ಸ್ವರ ಒಟ್ಟಿಗೆ ನುಡಿಯುವ ಸಣ್ಣ ಕಾರ್ಡುಗಳೆಲ್ಲ ಎ ಮೇಜರ್‌ನವು, ಅಂದರೆ ಶಂಕರಾಭರಣದ ಸ್ವರಗಳು. ನಠಭೈರವಿಯ ಸಾಧಾರಣ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಬರುತ್ತದೆ ಎಂಬುದು ಸಂಗೀತ ಕಲಿತವರಿಗೆ ಗೊತ್ತೇ ಇದೆ. ನಾವು ಗ್ರಹಭೇದ ಎನ್ನುತ್ತೇವೆ. ಪಾಶ್ಚಾತ್ಯ ಸಂಗೀತದಲ್ಲಿ ಮೈನರ್ ಮತ್ತು ಅದರ ಬಂಧು ಮೇಜರ್ ಎಂದು ಇದಕ್ಕೆ ಬೇರೆಯದೇ ವಿವರಣೆ ಇದೆ. ಹೇಗೇ ವಿವರಿಸಿದರೂ ಕಿವಿಗೆ ಆಗುವ ಅನುಭವ ಒಂದೇ. ಒಂದು ಸ್ವರವನ್ನೂ ಬದಲಿಸದೆ ಹಾಡಿನ ಮುಖ ಕತ್ತಲಿಂದ ಬೆಳಕಿಗೆ ತಿರುಗುತ್ತದೆ. ಗಿಟಾರ್ ಮುಂದೆ ನಿಂತು ನುಡಿಯುವ ಭಾಗ, ಅಂದರೆ ಸೋಲೋ, ಬರುವ ಹೊತ್ತಿಗೆ ರೋಡ್ಸ್ ಮತ್ತೆ ಮೈನರ್‌ಗೆ ಮರಳುತ್ತಾರೆ. ಕೋಪಗೊಂಡ, ಗಡುಸು ಸಂಗೀತದಲ್ಲಿ ಸ್ವರಜ್ಞಾನದ ಇಷ್ಟು ಹದವಾದ ಕೆಲಸ ನಡೆದಿದೆ.

ಆ ಸೋಲೋವನ್ನು ಇನ್ನಷ್ಟು ಹತ್ತಿರದಿಂದ ಕೇಳಬೇಕು. ಅದು ಟ್ಯಾಪಿಂಗ್‌ನಿಂದ ಶುರುವಾಗುತ್ತದೆ. ಅಂದರೆ ಬಲಗೈ ಮೀಟುವ ಕೆಲಸ ಬಿಟ್ಟು, ಬೆರಳಿನಿಂದ ನೇರವಾಗಿ ಗಿಟಾರಿನ ಕತ್ತಿನ ಮೇಲೆ ತಂತಿಯನ್ನು ತಟ್ಟುತ್ತದೆ. ಎಡಗೈ ಕೆಳಗಿನ ಸ್ವರ ಹಿಡಿದರೆ ಬಲಗೈ ಮೇಲಿನ ಸ್ವರ ಕೊಡುತ್ತದೆ. ಆಮೇಲೆ ಎಳೆತ, ಕಂಪನ, ಒಂದೇ ಮೀಟಿನಲ್ಲಿ ಹರಿಯುವ ಸ್ವರಗಳು, ಕೊನೆಗೆ ಮೆಟ್ಟಿಲುಮೆಟ್ಟಿಲಾಗಿ ಮೇಲೇರುವ ಓಟ. ಇಷ್ಟೂ ಸರಾಗವಾಗಿ ಬರುವುದರಿಂದ ಆಗ ತೋಚಿದ್ದನ್ನು ನುಡಿಸಿದಂತೆ ಕೇಳಿಸುತ್ತದೆ. ನಿಜ ಹಾಗಲ್ಲ. ರೋಡ್ಸ್ ಈ ಸೋಲೋಗಳನ್ನು ಕೃತಿಯಂತೆ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಅದೇ ಸೋಲೋವನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ನುಡಿಸಿ ಮುದ್ರಿಸುತ್ತಿದ್ದರು. ಒಂದು ನುಡಿಸಾಣಿಕೆ ನಡುವೆ, ಜೋರಾಗಿ. ಇನ್ನೆರಡು ಸ್ವಲ್ಪ ತಗ್ಗಿದ ದನಿಯಲ್ಲಿ ಎಡಕ್ಕೊಂದು, ಬಲಕ್ಕೊಂದು. ಮೂರೂ ಸೇರಿ ಒಂದೇ ಗಿಟಾರಿನಂತೆ, ಆದರೆ ಒಬ್ಬ ಮನುಷ್ಯನ ಕೈಗೆ ಮೀರಿದ ದಪ್ಪದಲ್ಲಿ ಕೇಳಿಸುತ್ತವೆ.

ಇದು ಎಷ್ಟು ಕಷ್ಟದ ಕೆಲಸ ಎಂಬುದನ್ನು ನುಡಿಸುವವರು ಬಲ್ಲರು. ಒಂದು ಸ್ವರದ ಎಳೆತ ಕೂದಲೆಳೆಯಷ್ಟು ಹೆಚ್ಚಾದರೂ ಮೂರು ಗಿಟಾರುಗಳ ಶ್ರುತಿ ಒಂದಕ್ಕೊಂದು ಜಗಳಕ್ಕೆ ಬೀಳುತ್ತದೆ. ಕಂಪನದ ವೇಗ ಬೇರೆಯಾದರೆ ದನಿ ಕಲಕುತ್ತದೆ. ರೋಡ್ಸ್ ಮುದ್ರಣದಲ್ಲಿ ಆ ಕಲಕು ಇಲ್ಲ. ಮೂರು ಪ್ರತಿಗಳ ನಡುವೆ ಇರುವ ಅತಿ ಸೂಕ್ಷ್ಮ ವ್ಯತ್ಯಾಸವೇ ಆ ದನಿಗೆ ಜೀವ ಕೊಟ್ಟಿದೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಎಡಗಡೆಯದನ್ನು ಮಾತ್ರ, ಒಮ್ಮೆ ಬಲಗಡೆಯದನ್ನು ಮಾತ್ರ ಕೇಳಿದರೆ ಇದು ತಾನಾಗಿ ತಿಳಿಯುತ್ತದೆ.

ಎರಡನೆಯ ಬದಿಯ ಮೊದಲ ಹಾಡು 'ಮಿಸ್ಟರ್ ಕ್ರೌಲಿ'. ಡಾನ್ ಏರಿಯವರ ಕೀಬೋರ್ಡ್ ಚರ್ಚಿನ ಆರ್ಗನ್ನಿನ ಗಾಂಭೀರ್ಯದಲ್ಲಿ ಪೀಠಿಕೆ ಹಾಕುತ್ತದೆ. ಹಾಡು ಡಿ ಮೈನರ್. ಇದರಲ್ಲಿ ರೋಡ್ಸ್ ಎರಡು ಸೋಲೋ ನುಡಿಸಿದ್ದಾರೆ, ನಡುವೆ ಒಂದು, ಕೊನೆಯಲ್ಲಿ ಒಂದು. ಕೊನೆಯದರ ಕೆಳಗೆ ಕಾರ್ಡುಗಳು ಒಂದರಿಂದ ಅದರ ನಾಲ್ಕನೆಯ ಸ್ಥಾನಕ್ಕೆ, ಅಲ್ಲಿಂದ ಮತ್ತೆ ನಾಲ್ಕನೆಯದಕ್ಕೆ ಸರಪಳಿಯಂತೆ ಸಾಗುತ್ತವೆ. ಬಾಕ್, ವಿವಾಲ್ಡಿ ಅವರ ಕಾಲದ ಯೂರೋಪಿನ ಸಂಗೀತದಲ್ಲಿ ಇದು ನಿತ್ಯದ ನಡೆ. ಸರಪಳಿಯ ಕೊನೆಗೆ ಎ ಮೇಜರ್ ಕಾರ್ಡ್ ಬಂದಾಗ ಅಲ್ಲಿಯವರೆಗೆ ಇದ್ದ ಕೈಶಿಕಿ ನಿಷಾದದ ಜಾಗದಲ್ಲಿ ಕಾಕಲಿ ನಿಷಾದ ಕಾಣಿಸಿಕೊಂಡು, ಮತ್ತೆ ಷಡ್ಜಕ್ಕೆ ಎಳೆಯುತ್ತದೆ. ರೋಡ್ಸ್ ಪ್ರತಿ ಕಾರ್ಡಿನ ಒಳಸ್ವರಗಳನ್ನು ಹುಡುಕಿ ಹುಡುಕಿ ಮುಟ್ಟುತ್ತಾರೆ. ಅವರ ಸಮಕಾಲೀನರಲ್ಲಿ ಎಷ್ಟೋ ಮಂದಿ ಬ್ಲೂಸ್‌ನ ಐದು ಸ್ವರಗಳನ್ನು ಎಲ್ಲ ಕಾರ್ಡಿನ ಮೇಲೂ ಒಂದೇ ಬಗೆಯಲ್ಲಿ ನುಡಿಸಿಬಿಡುತ್ತಿದ್ದರು. ಅವರಿಗೂ ರೋಡ್ಸ್‌ಗೂ ಇರುವ ಅಂತರ ಇಲ್ಲಿ ಸ್ಪಷ್ಟ. 1980ರ ದಶಕದಲ್ಲಿ ಶಾಸ್ತ್ರೀಯ ಸಂಗೀತದ ಚೌಕಟ್ಟನ್ನು ಹೆವಿ ಮೆಟಲ್‌ಗೆ ತಂದ ವಾದಕರ ಸಾಲೇ ಬಂತು. ಆ ಸಾಲಿನ ಮುಂಚೂಣಿಯಲ್ಲಿ ನಿಲ್ಲುವವರು ರೋಡ್ಸ್.

ಮೊದಲ ಬದಿಯಲ್ಲಿ, ಎರಡು ಹಾಡುಗಳ ನಡುವೆ, 'ಡೀ' ಎಂಬ ಒಂದು ತುಣುಕಿದೆ. ಒಂದು ನಿಮಿಷಕ್ಕೂ ಕಡಿಮೆ. ನೈಲಾನ್ ತಂತಿಯ ಶಾಸ್ತ್ರೀಯ ಗಿಟಾರ್ ಬಿಟ್ಟರೆ ಬೇರೇನೂ ಇಲ್ಲ. ತಾಯಿ ಡೆಲೋರಿಸ್ ಅವರಿಗಾಗಿ ಬರೆದದ್ದು. ರೋಡ್ಸ್ ತೀರಿಕೊಂಡ ಮೇಲೆ 1987ರಲ್ಲಿ ಬಂದ 'ಟ್ರಿಬ್ಯೂಟ್' ಆಲ್ಬಮ್ಮಿನಲ್ಲಿ ಈ ತುಣುಕಿನ ಧ್ವನಿಮುದ್ರಣ ನಡೆದಾಗಿನ ಕೆಲವು ಪ್ರಯತ್ನಗಳನ್ನೂ ಸೇರಿಸಿದ್ದಾರೆ. ನುಡಿಸುತ್ತ ನುಡಿಸುತ್ತ ತಪ್ಪುತ್ತಾರೆ, ನಿಲ್ಲಿಸುತ್ತಾರೆ, ಎಂಜಿನಿಯರ್ ಜೊತೆ ಮಾತಾಡುತ್ತಾರೆ, ಮತ್ತೆ ಮೊದಲಿಂದ ಹಿಡಿಯುತ್ತಾರೆ. ಇಷ್ಟು ಪುಟ್ಟ ತುಣುಕಿಗೂ ಆ ಶ್ರದ್ಧೆ.

ಪ್ರವಾಸದಲ್ಲಿ ಊರಿಂದ ಊರಿಗೆ ಹೋಗುವಾಗಲೂ ರೋಡ್ಸ್ ಅಲ್ಲಲ್ಲಿ ಶಾಸ್ತ್ರೀಯ ಗಿಟಾರ್ ಶಿಕ್ಷಕರನ್ನು ಹುಡುಕಿಕೊಂಡು ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಸಾವಿರಾರು ಜನ ತನ್ನ ಹೆಸರು ಕೂಗುತ್ತಿರುವಾಗ ಮರುದಿನ ಬೆಳಿಗ್ಗೆ ವಿದ್ಯಾರ್ಥಿಯಾಗಿ ಇನ್ನೊಬ್ಬರ ಮುಂದೆ ಕೂರುವ ಮನಸ್ಸು ಎಲ್ಲರಿಗೂ ಬರುವಂಥದ್ದಲ್ಲ. ಶಾಸ್ತ್ರೀಯ ಗಿಟಾರನ್ನೇ ಪೂರ್ಣವಾಗಿ ಅಭ್ಯಾಸ ಮಾಡಬೇಕೆಂಬ ಆಸೆಯೂ ಅವರಿಗಿತ್ತು. ಅದು ಕೈಗೂಡಲಿಲ್ಲ. 1982ರ ಮಾರ್ಚ್ 19ರ ಬೆಳಿಗ್ಗೆ, ಫ್ಲಾರಿಡಾದ ಲೀಸ್‌ಬರ್ಗ್‌ನಲ್ಲಿ, ತಂಡದ ಬಸ್ಸಿನ ಮೇಲೆ ತೀರ ಕೆಳಗೆ ಹಾರಾಡಿದ ಪುಟ್ಟ ವಿಮಾನವೊಂದು ಬಸ್ಸಿಗೆ ರೆಕ್ಕೆ ತಾಗಿಸಿಕೊಂಡು ಉರುಳಿತು. ಅದರಲ್ಲಿದ್ದ ಮೂವರೂ ಸತ್ತರು. ಅವರಲ್ಲಿ ರೋಡ್ಸ್ ಒಬ್ಬರು. ವಯಸ್ಸು ಇಪ್ಪತ್ತೈದು. ಓಝಿ ಜೊತೆ ಅವರು ಸ್ಟುಡಿಯೋದಲ್ಲಿ ಮಾಡಿದ್ದು ಎರಡೇ ಆಲ್ಬಮ್, ಇದು ಮತ್ತು 1981ರ 'ಡೈರಿ ಆಫ್ ಎ ಮ್ಯಾಡ್‌ಮನ್'.

ಎರಡೇ ಆಲ್ಬಮ್ ಬಿಟ್ಟುಹೋದ ಕಲಾವಿದನ ಮುದ್ರಣವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು? ಇಲ್ಲಿಂದ ಮರುಬಿಡುಗಡೆಯ ಮಾತು ಬರುತ್ತದೆ.

ಆ ಕಾಲದ ಸ್ಟುಡಿಯೋದಲ್ಲಿ ಪ್ರತಿ ವಾದ್ಯವೂ ಟೇಪಿನ ಬೇರೆ ಬೇರೆ ಪಟ್ಟಿಯ ಮೇಲೆ ಮುದ್ರಣವಾಗುತ್ತಿತ್ತು. ಅವನ್ನು ಹದವಾಗಿ ಬೆರೆಸುವುದು ಮಿಕ್ಸಿಂಗ್. ಬೆರೆಸಿದ್ದನ್ನು ಎಲ್‌ಪಿಗೋ ಸಿಡಿಗೋ ಒಪ್ಪುವಂತೆ ಕೊನೆಯ ಸಲ ತಿದ್ದುವುದು ಮಾಸ್ಟರಿಂಗ್. ಮರುಬಿಡುಗಡೆ ಮಾಡುವಾಗ ಸಾಮಾನ್ಯವಾಗಿ ಈ ಕೊನೆಯ ಹಂತವನ್ನಷ್ಟೇ ಹೊಸದಾಗಿ ಮಾಡುತ್ತಾರೆ. ಅದನ್ನು ರೀಮಾಸ್ಟರ್ ಎನ್ನುತ್ತಾರೆ. ಹಳೆಯ ಟೇಪಿನ ಸದ್ದು ಕಳೆದು, ಮಸುಕಾದದ್ದು ತಿಳಿಯಾಗುತ್ತದೆ. ಇದು ಒಳ್ಳೆಯ ಕೆಲಸ. ಒಂದು ಹೆಜ್ಜೆ ಹಿಂದೆ ಹೋಗಿ ವಾದ್ಯಗಳನ್ನೇ ಮತ್ತೆ ಬೆರೆಸಿದರೆ ಅದು ರೀಮಿಕ್ಸ್. ಅದರಲ್ಲಿ ಅಪಾಯ ಹೆಚ್ಚು. ಇನ್ನೂ ಹಿಂದೆ ಹೋಗಿ, ಒಬ್ಬ ವಾದಕ ನುಡಿಸಿದ್ದನ್ನೇ ತೆಗೆದುಹಾಕಿ ಇನ್ನೊಬ್ಬನಿಂದ ನುಡಿಸಿ ಸೇರಿಸಿದರೆ ಅದನ್ನು ಮರುಬಿಡುಗಡೆ ಎಂದು ಕರೆಯುವುದೇ ತಪ್ಪು. 2002ರಲ್ಲಿ ನಡೆದದ್ದು ಅದೇ.

ಬಾಬ್ ಡೇಸ್ಲಿ ಮತ್ತು ಲೀ ಕರ್ಸ್‌ಲೇಕ್ ಇಬ್ಬರಿಗೂ ಓಝಿ ಮತ್ತು ಅವರ ಪತ್ನಿ, ವ್ಯವಸ್ಥಾಪಕಿ ಶಾರನ್ ಆಸ್ಬೋರ್ನ್ ಅವರಿಗೂ ಮೊದಲಿನಿಂದ ತಕರಾರಿತ್ತು. 'ಬ್ಲಿಝರ್ಡ್ ಆಫ್ ಓಝ್' ಎಂಬುದು ತಂಡದ ಹೆಸರಾಗಬೇಕಿತ್ತು, ಆಲ್ಬಮ್ ಹೊರಬಂದಾಗ ಅದು ಓಝಿಯೊಬ್ಬರ ಹೆಸರಿನಲ್ಲಿ ಬಂತು ಎಂಬುದು ಆ ಇಬ್ಬರ ದೂರು. ಎರಡನೆಯ ಆಲ್ಬಮ್ಮಿನಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. ಅದರಲ್ಲಿಯೂ ನುಡಿಸಿದವರು ಅವರೇ. ಆದರೆ ಬಿಡುಗಡೆಗೆ ಮುಂಚೆ ಅವರನ್ನು ತಂಡದಿಂದ ತೆಗೆದಿದ್ದರಿಂದ ಹೊದಿಕೆಯ ಮೇಲೆ ಅಚ್ಚಾದದ್ದು ಹೊಸದಾಗಿ ಬಂದ ರೂಡಿ ಸಾರ್ಜೊ ಮತ್ತು ಟಾಮಿ ಆಲ್ಡ್ರಿಜ್ ಅವರ ಹೆಸರು. ಹೆಸರು ಮತ್ತು ರಾಯಧನದ ವಿಚಾರ ಕೋರ್ಟಿಗೆ ಹೋಯಿತು, ವರ್ಷಗಟ್ಟಲೆ ಎಳೆಯಿತು. ಆ ಕಹಿಯ ನಡುವೆ 2002ರ ಮರುಬಿಡುಗಡೆ ಬಂತು. ಅದರಲ್ಲಿ ಡೇಸ್ಲಿಯವರ ಬೇಸ್ ಇಲ್ಲ, ಕರ್ಸ್‌ಲೇಕ್ ಅವರ ಡ್ರಮ್ಸ್ ಇಲ್ಲ. ಅವುಗಳ ಜಾಗದಲ್ಲಿ ಆಗ ಓಝಿ ತಂಡದಲ್ಲಿದ್ದ ರಾಬರ್ಟ್ ಟ್ರುಹಿಯೊ ಅವರ ಬೇಸ್, ಮೈಕ್ ಬಾರ್ಡಿನ್ ಅವರ ಡ್ರಮ್ಸ್. ಎರಡೂ ಆಲ್ಬಮ್ಮುಗಳಿಗೆ ಇದೇ ಗತಿಯಾಯಿತು. ಡೇಸ್ಲಿ, ಕರ್ಸ್‌ಲೇಕ್ ಅವರ ವರ್ತನೆಯಿಂದ ಬೇಸತ್ತು ಹೀಗೆ ಮಾಡಲಾಯಿತು ಎಂಬುದು ಶಾರನ್ ಕೊಟ್ಟ ಸಮರ್ಥನೆ.

ಟ್ರುಹಿಯೊ, ಬಾರ್ಡಿನ್ ಇಬ್ಬರೂ ಉತ್ತಮ ವಾದಕರು. ಅವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ರೋಡ್ಸ್ ಗಿಟಾರಿನ ಒಂದು ಸ್ವರವನ್ನೂ ಯಾರೂ ಮುಟ್ಟಲಿಲ್ಲ ಎಂಬುದೂ ನಿಜ. ಹಾಗಿದ್ದರೆ ಕೆಟ್ಟದ್ದೇನು?

ಗಿಟಾರ್ ಒಂಟಿಯಾಗಿ ನುಡಿಯುವುದಿಲ್ಲ, ಕೆಟ್ಟದ್ದು ಅದರಿಂದ. 1980ರಲ್ಲಿ ರೋಡ್ಸ್ ಕರ್ಸ್‌ಲೇಕ್ ಅವರ ಡ್ರಮ್ಸ್ ಕೇಳುತ್ತ ನುಡಿಸಿದರು. ಆ ಮನುಷ್ಯನ ಕೈ ಎಲ್ಲಿ ಕೊಂಚ ಮುಂದೆ ಬಿತ್ತು, ಎಲ್ಲಿ ಕೊಂಚ ತಡೆದು ಬಿತ್ತು ಎಂಬುದರ ಮೇಲೆ ಗಿಟಾರಿನ ಪ್ರತಿ ಮೀಟು ಕುಳಿತಿದೆ. ಡೇಸ್ಲಿಯವರ ಬೇಸ್ ಮೂಲಸ್ವರ ಹಿಡಿದು ಸುಮ್ಮನಿರುವಂಥದ್ದಲ್ಲ. ಅದು ತಾನೇ ಒಂದು ರಾಗಸಂಚಾರ ಮಾಡುತ್ತ, ಗಿಟಾರ್ ಖಾಲಿ ಬಿಟ್ಟ ಜಾಗದಲ್ಲಿ ಉತ್ತರ ಕೊಡುತ್ತ ಹೋಗುತ್ತದೆ. 2002ರಲ್ಲಿ ಈ ಸಂಬಂಧ ತಲೆಕೆಳಗಾಯಿತು. ಇಪ್ಪತ್ತೆರಡು ವರ್ಷ ಹಿಂದೆ ಮುದ್ರಣವಾದ ಗಿಟಾರನ್ನು ಕೇಳುತ್ತ ಹೊಸ ಡ್ರಮ್ಸ್ ಹಿಂಬಾಲಿಸಬೇಕಾಯಿತು. ಹಿಂಬಾಲಿಸುವವನು ಎಷ್ಟೇ ಜಾಣನಾದರೂ ಮುಂದಿರುವವನು ತಿರುಗಿ ನೋಡುವಂತಿಲ್ಲ, ಉತ್ತರ ಕೊಡುವಂತಿಲ್ಲ. ಅವನು ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು.

ನಮ್ಮ ಕಛೇರಿಯನ್ನೇ ತೆಗೆದುಕೊಳ್ಳಿ. ಹಿರಿಯ ವಿದ್ವಾಂಸರೊಬ್ಬರ ನಲವತ್ತು ವರ್ಷ ಹಳೆಯ ಕಛೇರಿಯ ಧ್ವನಿಮುದ್ರಣದಿಂದ ಮೃದಂಗವನ್ನು ತೆಗೆದು, ಇಂದಿನ ಒಬ್ಬ ಒಳ್ಳೆಯ ಕಲಾವಿದರಿಂದ ಹೊಸದಾಗಿ ನುಡಿಸಿ ಸೇರಿಸಿದರೆ ನಾವು ಒಪ್ಪುತ್ತೇವೆಯೆ? ಹಾಡಿದವರ ಒಂದು ಸ್ವರವೂ ಬದಲಾಗಿರುವುದಿಲ್ಲ. ಆದರೂ ಆ ಮನೋಧರ್ಮ ಯಾರಿಗೆ ಓಗೊಟ್ಟು ಹುಟ್ಟಿತೋ ಅವರೇ ಅಲ್ಲಿ ಇರುವುದಿಲ್ಲ. ಪಕ್ಕವಾದ್ಯ ಎಂದರೆ ಪಕ್ಕಕ್ಕೆ ಸರಿಸಬಹುದಾದ ವಾದ್ಯವಲ್ಲ.

2011ರ ಮೇ ತಿಂಗಳಲ್ಲಿ, ಆಲ್ಬಮ್ಮಿನ ಮೂವತ್ತನೆಯ ವರ್ಷದ ನೆಪದಲ್ಲಿ ಬಂದ ಮರುಬಿಡುಗಡೆ ಈ ತಪ್ಪನ್ನು ತಿದ್ದಿತು. ಡೇಸ್ಲಿ, ಕರ್ಸ್‌ಲೇಕ್ ಅವರ ಮೂಲ ವಾದನ ಮರಳಿ ಬಂತು, ಟೇಪನ್ನು ಹೊಸದಾಗಿ ತಿಳಿಗೊಳಿಸಲಾಯಿತು. ಅದರ ಜೊತೆ ಸೇರಿಸಿದ ಹೆಚ್ಚುವರಿ ತುಣುಕುಗಳಲ್ಲಿ ಎರಡು ಗಿಟಾರ್ ಪ್ರಿಯರಿಗೆ ನಿಜವಾದ ಕೊಡುಗೆ. ಒಂದು, ರೋಡ್ಸ್ ಸ್ಟುಡಿಯೋದಲ್ಲಿ ನುಡಿಸಿಕೊಂಡ ಒಂದು ಗಿಟಾರ್ ತುಣುಕು. ಇನ್ನೊಂದು, 'ಗುಡ್‌ಬೈ ಟು ರೊಮ್ಯಾನ್ಸ್' ಹಾಡಿನ ಗಿಟಾರ್ ಮತ್ತು ಕಂಠ ಮಾತ್ರ ಇರುವ ಮಿಶ್ರಣ.

ಈ ಎರಡನೆಯದನ್ನು ದಯವಿಟ್ಟು ಕೇಳಿ. ಮೂಲ ಹಾಡಿನಲ್ಲಿ ಎಲ್ಲ ವಾದ್ಯಗಳ ಒಳಗೆ ಬೆರೆತಿದ್ದ ಗಿಟಾರ್ ಇಲ್ಲಿ ಒಂದೊಂದು ತಂತಿಯೂ ಎಣಿಸುವಷ್ಟು ಬಿಡಿಯಾಗಿದೆ. ರೋಡ್ಸ್ ಕಾರ್ಡುಗಳನ್ನು ಒಟ್ಟಾಗಿ ಬಾರಿಸದೆ ಸ್ವರ ಬಿಡಿಸಿ ನುಡಿಸುತ್ತಾರೆ. ಒಂದು ಕಾರ್ಡಿನ ಕೊನೆಯ ಸ್ವರ ಆರುವ ಮುಂಚೆ ಮುಂದಿನದರ ಮೊದಲ ಸ್ವರ ಎದ್ದಿರುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಗಿಟಾರ್ ಒಂದು ಸಣ್ಣ ಮಾತು ಆಡಿ, ಅವರು ಶುರುಮಾಡಿದ ಕೂಡಲೇ ಹಿಂದೆ ಸರಿಯುತ್ತದೆ. ಮೂಲವನ್ನು ಮುಟ್ಟದೆ, ಮೂಲದ ಪಕ್ಕದಲ್ಲಿ ಇದನ್ನು ಬೇರೆಯಾಗಿ ಕೊಟ್ಟಿದ್ದಾರೆ. ಮರುಬಿಡುಗಡೆಯ ನ್ಯಾಯವಾದ ದಾರಿ ಇದು. ಹೊಸದು ಸೇರಲಿ, ಹಳೆಯದು ಇದ್ದಂತೆ ಇರಲಿ. 2020ರಲ್ಲಿ, ಆಲ್ಬಮ್ಮಿಗೆ ನಲವತ್ತು ತುಂಬಿದಾಗ ಬಂದ ಡಿಜಿಟಲ್ ಆವೃತ್ತಿಯೂ ಇದೇ ದಾರಿಯಲ್ಲಿ ವೇದಿಕೆಯ ಮುದ್ರಣಗಳನ್ನು ಜೊತೆಗೆ ಸೇರಿಸಿತು.

ಇದಕ್ಕೆ ಇನ್ನೊಂದು ತಂಡದ ನಿದರ್ಶನ ಕೊಡುತ್ತೇನೆ. ಮೆಟಾಲಿಕಾದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್' ಆಲ್ಬಮ್ಮಿನಲ್ಲಿ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂಬುದು ಅಭಿಮಾನಿಗಳ ಬಹುಕಾಲದ ಅಳಲು. 2018ರಲ್ಲಿ ಅದು ಮರುಬಿಡುಗಡೆಯಾದಾಗ ಬೇಸ್ ಏರಿಸಿಬಿಡಿ ಎಂಬ ಒತ್ತಾಯ ಬಹಳ ಇತ್ತು. ತಂಡ ಒಪ್ಪಲಿಲ್ಲ. ರೀಮಾಸ್ಟರ್ ಮಾಡಿದರು, ಬೆರಕೆಯನ್ನು ಮುಟ್ಟಲಿಲ್ಲ. ಆ ಆಲ್ಬಮ್ ಆ ಕಾಲದ್ದು, ಕೊರತೆಯೂ ಅದರ ಚರಿತ್ರೆಯ ಭಾಗ. ನ್ಯೂಸ್ಟೆಡ್ ಅವರಿಗೆ ಆದದ್ದು ನ್ಯಾಯವಲ್ಲ ಎಂದು ನನಗೂ ಅನಿಸುತ್ತದೆ. ಆದರೂ ಮೂಲವನ್ನು ಉಳಿಸಿದ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ.

ಇಲ್ಲಿ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. 2002ರ ಆ ಮರುಬಿಡುಗಡೆಯಲ್ಲಿ ಬೇಸ್ ನುಡಿಸಿದ ರಾಬರ್ಟ್ ಟ್ರುಹಿಯೊ ಮರುವರ್ಷವೇ ಮೆಟಾಲಿಕಾ ಸೇರಿದರು. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಬೇಸ್ ಹಿಡಿದು ನಿಂತವರು ಅವರೇ. ಆ ತಂಡ ಭಾರತದಲ್ಲಿ ನುಡಿಸಿದ್ದು ಅದೇ ಮೊದಲು. ಅದಕ್ಕೆ ನಾಲ್ಕು ವರ್ಷ ಮುಂಚೆ, 2007ರ ಮಾರ್ಚಿನಲ್ಲಿ, ಐರನ್ ಮೇಡನ್ ತಂಡ ಇದೇ ಮೈದಾನದಲ್ಲಿ ನುಡಿಸಿತ್ತು. ಈ ಸಂಗೀತಕ್ಕೆ ಬೆಂಗಳೂರು ಹೊಸ ಊರಲ್ಲ. ಇಲ್ಲಿನ ಎಷ್ಟೋ ಮನೆಗಳ ಕೋಣೆಗಳಲ್ಲಿ ಇಂದಿಗೂ ಹುಡುಗ ಹುಡುಗಿಯರು 'ಕ್ರೇಜಿ ಟ್ರೇನ್' ರಿಫ್ಫಿನಿಂದಲೇ ಗಿಟಾರ್ ಕಲಿಕೆ ಶುರುಮಾಡುತ್ತಾರೆ.

ಆ ಮಕ್ಕಳಿಗೆ ಒಂದು ಮಾತು. ರೋಡ್ಸ್ ವೇಗವನ್ನು ಕಲಿಯುವ ಮೊದಲು ಅವರ ನಿಷ್ಠೆಯನ್ನು ಕಲಿಯಿರಿ. ಎರಡು ಸಾಲಿನ ಒಂದು ಸೋಲೋ ಕಟ್ಟಿ. ಅದನ್ನು ಫೋನಿನಲ್ಲಿ ಮೂರು ಸಲ ಮುದ್ರಿಸಿ, ಒಂದರ ಮೇಲೊಂದು ಇಟ್ಟು ಕೇಳಿ. ಎಲ್ಲಿ ಕಲಕಿತು ಎಂಬುದನ್ನು ನಿಮ್ಮ ಕಿವಿಯೇ ಹೇಳುತ್ತದೆ. ಯಾವ ಗುರುವೂ ಇದಕ್ಕಿಂತ ನೇರವಾಗಿ ಹೇಳಲಾರ.

ಕಥೆಯಲ್ಲಿ ಇನ್ನೊಂದು ಘಟನೆ ಬಾಕಿ ಇದೆ. ಡ್ರಮ್ಸ್ ವಾದಕ ಲೀ ಕರ್ಸ್‌ಲೇಕ್ ಕೊನೆಗಾಲದಲ್ಲಿ ಕ್ಯಾನ್ಸರಿನಿಂದ ನರಳುತ್ತಿದ್ದರು. ಲಕ್ಷಗಟ್ಟಲೆ ಮಾರಾಟವಾದ ಆ ಎರಡು ಆಲ್ಬಮ್ಮುಗಳ ಪ್ಲಾಟಿನಂ ಫಲಕಗಳು ತಮ್ಮ ಗೋಡೆಯ ಮೇಲೂ ಇರಲಿ ಎಂಬ ಆಸೆಯನ್ನು ಅವರು ಹೇಳಿಕೊಂಡರು. ಓಝಿ ಮತ್ತು ಶಾರನ್ ಆ ಫಲಕಗಳನ್ನು ಕಳುಹಿಸಿಕೊಟ್ಟರು. 2019ರ ಆರಂಭದಲ್ಲಿ ಅವು ಕರ್ಸ್‌ಲೇಕ್ ಅವರ ಕೈಸೇರಿದವು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 2021ರಲ್ಲಿ ರ‍್ಯಾಂಡಿ ರೋಡ್ಸ್ ಅವರನ್ನು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಿಸಿತು. 2025ರ ಜುಲೈ 5ರಂದು ತಮ್ಮ ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಕಛೇರಿ ನೀಡಿದ ಓಝಿ, ಅದೇ ತಿಂಗಳ 22ರಂದು ನಿಧನರಾದರು. ಹಳೆಯ ಜಗಳಗಳಲ್ಲಿ ಬಹುಪಾಲು ಈಗ ಮುಗಿದ ಮಾತು. ನಮ್ಮ ಪಾಲಿಗೆ ಉಳಿದಿರುವುದು ಒಂಬತ್ತು ಹಾಡು, ಸುಮಾರು ನಲವತ್ತು ನಿಮಿಷದ ಸಂಗೀತ.

ಕೇಳುಗರೇ, ಈ ಆಲ್ಬಮ್ಮನ್ನು ಕೊಳ್ಳುವುದಿದ್ದರೆ, ಅದರಲ್ಲೂ ಹಳೆಯ ಸಿಡಿ ಕೊಳ್ಳುವುದಿದ್ದರೆ, ಹಿಂಬದಿ ತಿರುಗಿಸಿ ವರ್ಷ ನೋಡಿ. 2002ರದ್ದಾದರೆ ಅಲ್ಲಿಯೇ ಇಟ್ಟುಬಿಡಿ. 1980ರ ಮೂಲ ಎಲ್‌ಪಿ ಸಿಕ್ಕರೆ ಅದು, ಇಲ್ಲವಾದರೆ 2011ರದ್ದು. ಇನ್ನೊಂದು ವಿನಂತಿ ಎಲ್ಲ ಸಂಗೀತಕ್ಕೂ ಸೇರಿದ್ದು. ಹೆವಿ ಮೆಟಲ್ ಇರಲಿ, ಶಾಸ್ತ್ರೀಯ ಕಛೇರಿ ಇರಲಿ, ಭಾವಗೀತೆ ಇರಲಿ, ಹಾಡು ಕೇಳಿದ ಮೇಲೆ ಹಾಡಿದವರ ಹೆಸರಿಗೆ ನಿಲ್ಲಿಸಬೇಡಿ. ಜೊತೆಗೆ ನುಡಿಸಿದವರು ಯಾರು ಎಂದು ಹುಡುಕಿ ಓದಿ, ಮಕ್ಕಳಿಗೂ ಹೇಳಿ. ಕೇಳುವವರಿಗೆ ಆ ಹೆಸರುಗಳು ಗೊತ್ತಿದ್ದರೆ ಅವನ್ನು ಅಳಿಸುವುದು ಯಾವ ಕಂಪನಿಗೂ ಸುಲಭವಾಗುವುದಿಲ್ಲ.